ನಾಲ್ಕಕ್ಷರದ ಮುಂದೆ ನಿಂತ ಮೊಮ್ಮಗಳಿಗೆ

ಪುಟ್ಟಿ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಿನಿಂದ ನಿಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ಇದೇ ಮಾತಂತೆ. ನಿಮ್ಮಪ್ಪ ಪಿಸಿಎಂಸಿ ಅಂತ ಪಟ್ಟು ಹಿಡಿದಿದ್ದಾನೆ. ನಿಮ್ಮತ್ತೆ ಸಿಇಬಿಎ ಓದಿ ಸಿಎ ಮಾಡಲಿ ಅನ್ನುತ್ತಾಳೆ. ಎದುರುಮನೆಯವರು ಪಿಸಿಎಂಬಿ ತೊಗೊಂಡರೆ ಡಾಕ್ಟರೂ ಆಗಬಹುದು ಎಂಜಿನಿಯರೂ ಆಗಬಹುದು ಅಂತ ಬಿಟ್ಟಿ ಸಲಹೆ ಕೊಟ್ಟು ಹೋಗಿದ್ದಾರೆ. ನಿನ್ನನ್ನು ಕೇಳಿದರೆ ನೀನು ಗೋಡೆ ನೋಡುತ್ತೀಯಂತೆ. ಫೋನಿನಲ್ಲಿ ಅರ್ಧ ಹೇಳಿದೆ, ಉಳಿದದ್ದನ್ನು ಬರೆಯುತ್ತಿದ್ದೇನೆ. ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಅರ್ಥಶಾಸ್ತ್ರದ ಪಾಠ ಹೇಳಿಕೊಂಡೇ ನಿವೃತ್ತನಾದವನು ನಾನು. ಪ್ರವೇಶದ ದಿನಗಳಲ್ಲಿ ಅರ್ಜಿ ಹಿಡಿದು ಕಾರಿಡಾರಿನಲ್ಲಿ ನಿಂತ ಮಕ್ಕಳ ಮುಖಗಳನ್ನು ಬೇಕಾದಷ್ಟು ನೋಡಿದ್ದೇನೆ. ಅರ್ಜಿಯಲ್ಲಿ ತುಂಬಬೇಕಾದ್ದು ನಾಲ್ಕೇ ಅಕ್ಷರ, ಪಿಯುನಲ್ಲಿ ಓದುವ ನಾಲ್ಕು ವಿಷಯಗಳ ಇಂಗ್ಲಿಷ್ ಮೊದಲಕ್ಷರ. ಅದನ್ನು ತುಂಬುವ ಪೆನ್ನು ಮಾತ್ರ ಸಾಮಾನ್ಯವಾಗಿ ಇನ್ನೊಬ್ಬರ ಕೈಯಲ್ಲಿರುತ್ತದೆ.

ಮೊದಲು ಒಂದು ಕೆಟ್ಟ ಪದ್ಧತಿಯ ಬಗ್ಗೆ ಹೇಳಿಬಿಡುತ್ತೇನೆ. 625ಕ್ಕೆ 560 ಬಂದರೆ ಸೈನ್ಸು, 450 ಬಂದರೆ ಕಾಮರ್ಸು, ಹೇಗೋ ಪಾಸಾದರೆ ಆರ್ಟ್ಸು ಅಂತ ನಮ್ಮ ಕಡೆ ಒಂದು ಅಲಿಖಿತ ಕಾಯ್ದೆ ಇದೆ. ಇದು ಇಲಾಖೆಯ ನಿಯಮವಲ್ಲ, ಊರಿನ ನಿಯಮ. ಎಸ್ಸೆಸ್ಸೆಲ್ಸಿಯ ಆ 625ರಲ್ಲಿ ಪ್ರಥಮ ಭಾಷೆಗೇ 125 ಇದೆ, ಇನ್ನೆರಡು ಭಾಷೆಗೆ 200. ಅಂದರೆ ಒಟ್ಟು ಅಂಕದ ಅರ್ಧಕ್ಕಿಂತ ಹೆಚ್ಚು ಭಾಷೆಯದು. ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆದು ಒಟ್ಟು ಅಂಕ ಏರಿಸಿಕೊಂಡ ಹುಡುಗಿಯನ್ನು ಅದೇ ಕಾರಣಕ್ಕೆ ಭೌತಶಾಸ್ತ್ರಕ್ಕೆ ಕೂರಿಸುವುದು ಎಂಥ ತರ್ಕವೋ ನನಗಂತೂ ಇವತ್ತಿನವರೆಗೂ ತಿಳಿದಿಲ್ಲ. ನಿನ್ನ ಒಟ್ಟು ಅಂಕ ಬಿಡು. ಗಣಿತ, ವಿಜ್ಞಾನ, ಸಮಾಜ, ಈ ಮೂರನ್ನು ಬೇರೆಬೇರೆ ಇಟ್ಟು ನೋಡು. ಅಂಕಕ್ಕಿಂತ ಮುಖ್ಯವಾಗಿ, ಯಾವ ಪುಸ್ತಕವನ್ನು ಯಾರೂ ಬೈಯದೆ ತೆಗೆಯುತ್ತಿದ್ದೆ ಅನ್ನುವುದನ್ನು ನೆನಪಿಸಿಕೋ.

ನಿಮ್ಮಪ್ಪ ಪಿಸಿಎಂಸಿ ಅನ್ನುವುದು ಯಾಕೆ ಅಂತ ನನಗೆ ಗೊತ್ತು. ಮಹದೇವಪುರದ ಮನೆಯಿಂದ ಹೊರಬಂದು ಯಾವ ದಿಕ್ಕಿಗೆ ತಿರುಗಿದರೂ ಗಾಜಿನ ಕಟ್ಟಡ. ಔಟರ್ ರಿಂಗ್ ರಸ್ತೆಯಲ್ಲಿ ಬಾಗ್ಮನೆ, ಆ ಕಡೆ ಹೂಡಿ ದಾಟಿದರೆ ಐಟಿಪಿಎಲ್. ಅಂಥದ್ದೇ ಒಂದು ಟೆಕ್ ಪಾರ್ಕಿನಲ್ಲಿ ಅವನು ಜನರೇಟರು, ಯುಪಿಎಸ್ಸು ನೋಡಿಕೊಳ್ಳುತ್ತಾ ದಿನವೂ ಗುರುತಿನ ಚೀಟಿ ನೇತುಹಾಕಿಕೊಂಡ ಮಕ್ಕಳು ಒಳಗೆ ಹೋಗುವುದನ್ನು ನೋಡುತ್ತಾನೆ. ತನ್ನ ಮಗಳೂ ಆ ಬಾಗಿಲಿನಿಂದ ಒಳಗೆ ಹೋಗಲಿ ಅನ್ನಿಸುವುದು ಅಪ್ಪನ ಸಹಜ ಆಸೆ. ಅದನ್ನು ಹೀಯಾಳಿಸಬೇಡ.

ಆದರೆ ಇದೇ ಸೀಮೆಯಲ್ಲಿ ನಿನ್ನ ತಾತ, ನನ್ನ ಅಣ್ಣ, ಕಂಡದ್ದು ಬೇರೆ ಬಾಗಿಲು. ದೂರವಾಣಿನಗರದ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. 1948ರಲ್ಲಿ ಶುರುವಾದದ್ದು, ಸ್ವತಂತ್ರ ಭಾರತದ ಮೊಟ್ಟಮೊದಲ ಸಾರ್ವಜನಿಕ ಉದ್ಯಮ. ಕಾರ್ಖಾನೆಯ ಜೊತೆಗೆ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ ಎಲ್ಲ ಇದ್ದ ಒಂದು ಸಣ್ಣ ಊರೇ ಅದು. ಆಗ ಈ ಕಡೆ ಹೆಣ್ಣು ಕೊಡುವವರು ಮೊದಲು ಕೇಳುತ್ತಿದ್ದ ಪ್ರಶ್ನೆ, ಹುಡುಗ ಐಟಿಐನಲ್ಲೋ ಎಚ್‌ಎಎಲ್‌ನಲ್ಲೋ ಅಂತ. ಅಣ್ಣ ಇದ್ದದ್ದು ರಿಲೇ ಜೋಡಿಸುವ ವಿಭಾಗದಲ್ಲಿ. ಟೆಲಿಫೋನ್ ಎಕ್ಸ್‌ಚೇಂಜಿನೊಳಗೆ ಕರೆಯನ್ನು ಒಂದು ದಾರಿಯಿಂದ ಇನ್ನೊಂದು ದಾರಿಗೆ ತಿರುಗಿಸುವ ಪುಟ್ಟ ವಿದ್ಯುತ್ ಸ್ವಿಚ್ಚು ಅದು. ತೆಳ್ಳಗಿನ ಲೋಹದ ಪಟ್ಟಿಗಳು ಎಷ್ಟು ಬಿಗಿಯಾಗಿರಬೇಕು, ಎರಡು ತುದಿಗಳ ನಡುವೆ ಕೂದಲೆಳೆಯ ಎಷ್ಟು ಸಂದು ಇರಬೇಕು ಅಂತ ಗೇಜು ಇಟ್ಟು ಸರಿಮಾಡಬೇಕು. ಅಣ್ಣನಿಗೆ ಗೇಜೂ ಬೇಕಾಗಿರಲಿಲ್ಲ. ರಿಲೇ ಬಡಿದುಕೊಳ್ಳುವ ಸದ್ದು ಕೇಳಿದರೆ ಸಾಕು, ಪಟ್ಟಿ ಸಡಿಲವೋ ಬಿಗಿಯೋ ಹೇಳಿಬಿಡುತ್ತಿದ್ದ. ಆ ಕೈಗೆ, ಆ ಕಿವಿಗೆ ಬೆಲೆ ಇತ್ತು.

ಆಮೇಲೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜು ಬಂತು. 1984ರಲ್ಲಿ ಸಿ-ಡಾಟ್ ಸ್ಥಾಪನೆಯಾಗಿ ನಮ್ಮಲ್ಲೇ ಡಿಜಿಟಲ್ ಎಕ್ಸ್‌ಚೇಂಜಿನ ವಿನ್ಯಾಸ ನಡೆಯಿತು. 1995ರಲ್ಲಿ ದೇಶದಲ್ಲಿ ಮೊಬೈಲ್ ಶುರುವಾಯಿತು. ರಿಲೇ ಬಡಿಯುವ ಸದ್ದೇ ಜಗತ್ತಿನಿಂದ ಹೊರಟುಹೋಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ, ಯಂತ್ರ ಬದಲಾಯಿತು ಅಷ್ಟೆ. ಅಣ್ಣನ ಜೊತೆಯವರಲ್ಲಿ ಹೊಸ ವಿಭಾಗಕ್ಕೆ ಹೋಗಿ ನೆಲೆ ಕಂಡವರು ಯಾರು ಅಂತ ಅವನೇ ನನಗೆ ಎಣಿಸಿ ಹೇಳುತ್ತಿದ್ದ. ಡ್ರಾಯಿಂಗ್ ಓದಲು ಬರುತ್ತಿದ್ದವರು, ಸರ್ಕ್ಯೂಟಿನ ಲೆಕ್ಕ ಅರ್ಥವಾಗುತ್ತಿದ್ದವರು, ಇಂಗ್ಲಿಷಿನ ಕೈಪಿಡಿ ಬಿಡಿಸಿ ಕೂರುವ ತಾಳ್ಮೆ ಇದ್ದವರು. ಬೆರಳಿನ ಚಳಕವೊಂದನ್ನೇ ನಂಬಿದ್ದವರು ನಿವೃತ್ತಿಯವರೆಗೆ ದಿನ ದೂಡಿದರು.

ಐಟಿಪಿಎಲ್ ಬಂದದ್ದು ಅದೇ ತೊಂಬತ್ತರ ದಶಕದಲ್ಲಿ, ಸಿಂಗಪುರದ ಸಹಭಾಗಿತ್ವದಲ್ಲಿ. ಆಗ ವೈಟ್‌ಫೀಲ್ಡ್ ಕಡೆ ಹೋಗುವುದೆಂದರೆ ಊರಾಚೆ ಹೋದ ಹಾಗೆ. ಮಹದೇವಪುರವೂ ಬೆಂಗಳೂರಿಗೆ ಸೇರಿರಲಿಲ್ಲ. ನಗರಸಭೆಯಾಗಿದ್ದದ್ದು 2007ರಲ್ಲಿ ಬಿಬಿಎಂಪಿಯೊಳಗೆ ಬಂತು. ಈಗ ಮತ್ತೆ ಬೆಂಗಳೂರು ಪೂರ್ವ ನಗರ ಪಾಲಿಕೆ ಅಂತ ಬೋರ್ಡು ಬದಲಾಗಿದೆ. ನಿನ್ನ ತಾತನ ಕಾಲಕ್ಕೆ ಶಾಶ್ವತ ಅನ್ನಿಸಿದ್ದು ಟೆಲಿಫೋನು, ನಿನ್ನಪ್ಪನ ಕಾಲಕ್ಕೆ ಶಾಶ್ವತ ಅನ್ನಿಸುತ್ತಿರುವುದು ಸಾಫ್ಟ್‌ವೇರು. ಈಗಾಗಲೇ ಪಕ್ಕದ ಬೀದಿಯಲ್ಲಿ ಎಐ ಬಂತು, ಇನ್ನು ಕಂಪ್ಯೂಟರ್ ಓದಿ ಪ್ರಯೋಜನವಿಲ್ಲ ಅನ್ನುವ ಮಾತೂ ಶುರುವಾಗಿದೆಯಂತಲ್ಲ. ಈ ಎರಡು ಭವಿಷ್ಯವಾಣಿಯಲ್ಲಿ ಯಾವುದನ್ನು ನಂಬಿಯೂ ನಾಲ್ಕಕ್ಷರ ತುಂಬಬೇಡ. ನೀನು ಪಿಯು ಮುಗಿಸಿ, ಪದವಿ ಮುಗಿಸಿ ಹೊರಬರಲು ಐದಾರು ವರ್ಷ ಬೇಕು. ಅಷ್ಟು ದೂರದ ಸಂತೆಯಲ್ಲಿ ಯಾವ ಸರಕಿಗೆ ಯಾವ ಧಾರಣೆ ಅಂತ ಇವತ್ತು ಹೇಳುವವನು ನನ್ನಂಥ ಅರ್ಥಶಾಸ್ತ್ರದ ಮೇಷ್ಟರಾದರೂ ಸರಿ, ನಂಬಬೇಡ.

ಎಚ್‌ಎಎಲ್ ಪಕ್ಕದ ಉಪಗ್ರಹ ಕೇಂದ್ರಕ್ಕೆ ಯು.ಆರ್. ರಾವ್ ಅವರ ಹೆಸರಿಟ್ಟಿದ್ದಾರೆ, ನೋಡಿದ್ದೀಯಲ್ಲ. ಉಡುಪಿ ಹತ್ತಿರದ ಅದಮಾರಿನವರು, ಹುಟ್ಟಿದ್ದು 1932ರಲ್ಲಿ. ಅವರು ಕಾಲೇಜು ಓದುವಾಗ ಆಕಾಶದಲ್ಲಿ ಮನುಷ್ಯ ಕಟ್ಟಿದ ಒಂದು ಉಪಗ್ರಹವೂ ಇರಲಿಲ್ಲ. ಸ್ಪುಟ್ನಿಕ್ ಹಾರಿದ್ದೇ 1957ರಲ್ಲಿ. ಉಪಗ್ರಹ ತಯಾರಿಸುವ ಕೆಲಸ ಅಂತ ಒಂದು ಇದೆ ಅಂತ ಅವರಿಗೆ ಯಾವ ಅತ್ತೆಯೂ ಹೇಳಿರಲು ಸಾಧ್ಯವಿಲ್ಲ. ಭೌತಶಾಸ್ತ್ರ ಓದಿದರು, ವಿಶ್ವಕಿರಣಗಳ ಬೆನ್ನು ಹತ್ತಿದರು. 1975ರಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ ಅವರ ಮುಂದಾಳತ್ವದಲ್ಲೇ ಆದದ್ದು. ಎಲ್ಲರೂ ರಾವ್ ಆಗುತ್ತಾರೆ ಅಂತ ಹೇಳುತ್ತಿಲ್ಲಮ್ಮ. ಓದುವಾಗ ಅವರ ಕೈಯಲ್ಲಿ ಇದ್ದದ್ದು ಒಂದು ವಿಷಯ, ಕೆಲಸದ ಹೆಸರಲ್ಲ.

ಹಾಗಾದರೆ ಯಾವುದನ್ನು ನೋಡಿ ಆರಿಸಬೇಕು? ಆ ವಿಷಯದ ದಿನನಿತ್ಯದ ದುಡಿಮೆ ಹೇಗಿರುತ್ತದೆ ಅನ್ನುವುದನ್ನು ನೋಡಿ ಆರಿಸು. ಡಾಕ್ಟರು, ಎಂಜಿನಿಯರು, ಸಿಎ ಇವೆಲ್ಲ ಫಲಕದ ಮೇಲಿನ ಹೆಸರು. ಅದಕ್ಕೆ ಮೊದಲು ಎರಡು ವರ್ಷ ರಾತ್ರಿ ಒಂಬತ್ತಕ್ಕೆ, ಪಕ್ಕದ ಮನೆಯಲ್ಲಿ ಟಿವಿ ಕೂಗುತ್ತಿರುವಾಗ, ನೀನೊಬ್ಬಳೇ ಯಾವ ಪುಟ ತೆರೆದು ಕೂರುತ್ತೀಯ? ಆ ಪುಟ ನೋಡದೆ ಸಹಿ ಹಾಕಬೇಡ.

ನೋಡುವುದು ಕಷ್ಟವೇನಲ್ಲ. ನಮ್ಮ ಪಿಯು ವಿಜ್ಞಾನದ ಪುಸ್ತಕಗಳು ಎನ್‌ಸಿಇಆರ್‌ಟಿಯವು, ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಅಕೌಂಟೆನ್ಸಿ, ಅರ್ಥಶಾಸ್ತ್ರವೂ ಅಲ್ಲೇ ಇವೆ. ಇಲ್ಲವಾದರೆ ಹೋದ ವರ್ಷ ಪಾಸಾದ ಹುಡುಗಿಯರ ಹತ್ತಿರ ಕೇಳಿ ತಾ. ಒಂದೊಂದು ಪುಸ್ತಕಕ್ಕೆ ಎರಡು ಸಂಜೆ ಕೊಡು. ಓದಿ ಚೆನ್ನಾಗಿದೆ ಅಂತ ಮಡಚಿಡಬೇಡ, ಅಧ್ಯಾಯದ ಕೊನೆಯ ಲೆಕ್ಕ ಮಾಡಿ ನೋಡು. ಭೌತಶಾಸ್ತ್ರದಲ್ಲಿ ಸರಳರೇಖೆಯ ಚಲನೆ ಅನ್ನುವ ಅಧ್ಯಾಯ ಶುರುವಿನಲ್ಲೇ ಬರುತ್ತದೆ. ಅಲ್ಲಿ ಒಂದು ಕ್ಷಣದ ವೇಗ ಕಂಡುಹಿಡಿಯಲು ಅವಕಲನ ಬಳಸುತ್ತಾರೆ. ಅದೇ ಅವಕಲನ ಗಣಿತದ ಪುಸ್ತಕದಲ್ಲಿ ಬರುವುದು ಕೊನೆಯ ಹತ್ತಿರ. ಅಂದರೆ ಗಣಿತದವರು ಹೇಳಿಕೊಡುವುದಕ್ಕೆ ತಿಂಗಳುಗಟ್ಟಲೆ ಮೊದಲೇ ಭೌತಶಾಸ್ತ್ರದವರು ಅದು ನಿನಗೆ ಬರುತ್ತದೆ ಅಂತ ಇಟ್ಟುಕೊಂಡು ಮುಂದೆ ಹೋಗುತ್ತಾರೆ. ಪಿಯು ಸೈನ್ಸಿಗೆ ಸೇರಿದ ಜಾಣ ಮಕ್ಕಳೂ ಮೊದಲ ಕಿರುಪರೀಕ್ಷೆಯಲ್ಲಿ ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ. ಮಕ್ಕಳು ತಮಗೆ ತಲೆ ಇಲ್ಲ ಅಂದುಕೊಳ್ಳುತ್ತಾರೆ. ತಲೆ ಇದೆ, ಪಾಠದ ಸರದಿ ಹಿಂದುಮುಂದಾಗಿದೆ ಅಷ್ಟೆ. ಆ ಅಧ್ಯಾಯವನ್ನು ಅರ್ಥವಾಗದೆ ಬೈದುಕೊಂಡಾದರೂ ಎರಡನೆಯ ಸಂಜೆ ಮತ್ತೆ ತೆಗೆಯಬೇಕು ಅನ್ನಿಸಿದರೆ ಸೈನ್ಸು ನಿನ್ನದು. ರಸಾಯನಶಾಸ್ತ್ರದಲ್ಲಿ ಮೋಲ್ ಲೆಕ್ಕ ಮಾಡು. ಜೀವಶಾಸ್ತ್ರದಲ್ಲಿ ವರ್ಗೀಕರಣದ ಅಧ್ಯಾಯ ಓದಿ, ಪುಸ್ತಕ ಮುಚ್ಚಿ, ಎಷ್ಟು ಹೆಸರು ಉಳಿದವು ನೋಡಿಕೋ.

ಅಕೌಂಟೆನ್ಸಿ ಅಂದರೆ ಕೂಡೋದು ಕಳೆಯೋದು ಅಂತ ನಿನ್ನ ತಲೆಯಲ್ಲಿರಬಹುದು. ಒಂದು ಲೆಕ್ಕ ಹೇಳುತ್ತೇನೆ ಕೇಳು. ಒಬ್ಬಳು 5,00,000 ರೂಪಾಯಿ ನಗದು ಹಾಕಿ ಗರುಡಾಚಾರ್‌ಪಾಳ್ಯದಲ್ಲಿ ಸ್ಟೇಷನರಿ ಅಂಗಡಿ ಇಟ್ಟಳು ಅನ್ನು. 80,000 ಕೊಟ್ಟು ರ‍್ಯಾಕು, ಟೇಬಲ್ಲು ಮಾಡಿಸಿದಳು. 1,20,000ದ ಸರಕು ಸಾಲದ ಮೇಲೆ ತಂದಳು. ಈಗ ಅಂಗಡಿಯಲ್ಲಿ ನಗದು 4,20,000, ಪೀಠೋಪಕರಣ 80,000, ಸರಕು 1,20,000, ಒಟ್ಟು 6,20,000. ಈ ಆಸ್ತಿ ಯಾರದ್ದು? ಅವಳ ಬಂಡವಾಳ 5,00,000, ಸಾಲ ಕೊಟ್ಟವನದು 1,20,000. ಅದೂ 6,20,000. ಅಂಗಡಿಯನ್ನು ಅಂಗಡಿಯವಳಿಂದಲೇ ಬೇರೆಯಾಗಿ ನೋಡುವುದು, ಪ್ರತಿ ವ್ಯವಹಾರಕ್ಕೂ ಎರಡು ಮುಖ ಹುಡುಕುವುದು, ಅದು ಈ ವಿಷಯದ ಜೀವ. ಎಡಬಲ ಸರಿಹೋದಾಗ ಖುಷಿಯಾಯಿತೋ, ಅಯ್ಯೋ ಇಷ್ಟೇನಾ ಅನ್ನಿಸಿತೋ? ಅದು ನಿನಗೆ ಮಾತ್ರ ಗೊತ್ತಾಗುವ ಸಂಗತಿ. ನಿಮ್ಮತ್ತೆಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ.

ಇನ್ನು ಯಾವ ವಿಷಯ ಬಿಟ್ಟರೆ ಯಾವ ಬಾಗಿಲು ಮುಚ್ಚುತ್ತದೆ ಅನ್ನುವುದು. ಇದರಲ್ಲಿ ಗಾಳಿಮಾತೇ ಜಾಸ್ತಿ. ನಿಮ್ಮಪ್ಪನಿಗೆ ಓದಿ ಹೇಳಬೇಕಾದ್ದು ಇದು: ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಸೇರಲು ಪಿಯುನಲ್ಲಿ ಕಂಪ್ಯೂಟರ್ ಸೈನ್ಸ್ ಓದಿರಲೇಬೇಕು ಅಂತೇನಿಲ್ಲ. ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕು ಲೆಕ್ಕ ಹಾಕುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಿಂದ. ಪಿಸಿಎಂಬಿ ಓದಿದವಳೂ ಕಂಪ್ಯೂಟರ್ ಸೈನ್ಸಿಗೆ ಹೋಗುತ್ತಾಳೆ. ತಿರುಗಿಸಿ ನೋಡಿದರೆ, ಪಿಸಿಎಂಸಿ ಓದಿದವಳು ಮುಂದೆ ಮನಸ್ಸು ಬದಲಾಯಿಸಿ ಎಂಬಿಬಿಎಸ್ಸು, ಬಿಎಸ್‌ಸಿ ನರ್ಸಿಂಗು, ಕೃಷಿ ಪದವಿ ಅಂದರೆ ಜೀವಶಾಸ್ತ್ರ ಇಲ್ಲದೆ ನಿಂತುಬಿಡುತ್ತಾಳೆ. ಹಾಗಂತ ಪಿಸಿಎಂಬಿ ಎಲ್ಲರಿಗೂ ಒಳ್ಳೆಯದು ಅನ್ನುವ ಎದುರುಮನೆಯವರ ಮಾತು ಒಪ್ಪಬೇಡ. ನಾಲ್ಕೂ ಭಾರದ ವಿಷಯ. ನೀಟ್‌ಗೆ ಒಂದು ರೀತಿಯ ತಯಾರಿ, ಸಿಇಟಿ, ಜೆಇಇಗೆ ಇನ್ನೊಂದು ರೀತಿಯದು. ಎರಡಕ್ಕೂ ಓದುತ್ತೇನೆ ಅಂದ ಮಕ್ಕಳಲ್ಲಿ ಬಹಳ ಜನ ಎರಡನೆಯ ವರ್ಷದ ನಡುವೆ ಒಂದನ್ನು ಸದ್ದಿಲ್ಲದೆ ಕೈಬಿಡುತ್ತಾರೆ, ಮನೆಯಲ್ಲಿ ಹೇಳುವುದಿಲ್ಲ. ಜೀವಶಾಸ್ತ್ರ ಇಷ್ಟವಿದ್ದರೆ ತೊಗೋ, ಇರಲಿ ಅಂತ ತೊಗೋಬೇಡ.

ವಾಸ್ತುಶಿಲ್ಪಕ್ಕೆ ನಾಟಾ ಪರೀಕ್ಷೆ ಬರೆಯಬೇಕು, ಪಿಯುನಲ್ಲಿ ಭೌತಶಾಸ್ತ್ರ, ಗಣಿತ ಬೇಕು. ವಿಮಾನ ಹಾರಿಸುವ ಲೈಸೆನ್ಸಿಗೂ ಆ ಎರಡು ಬೇಕು. ಐದು ವರ್ಷದ ಕಾನೂನು ಪದವಿಗೆ ಯಾವ ವಿಭಾಗದವರಾದರೂ ಆಗುತ್ತದೆ. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಗೆ ಕ್ಲಾಟ್ ಪರೀಕ್ಷೆ ಬರೆದು ಹೋಗುವವರಲ್ಲಿ ಸೈನ್ಸಿನವರೂ ಇದ್ದಾರೆ, ಆರ್ಟ್ಸಿನವರೂ ಇದ್ದಾರೆ. ಕೆಎಎಸ್, ಐಎಎಸ್‌ಗೆ ಯಾವ ಪದವಿಯಾದರೂ ಸರಿ. ಸಿಎ ಫೌಂಡೇಷನ್‌ಗೂ ಕಾಮರ್ಸೇ ಆಗಬೇಕೆಂದಿಲ್ಲ.

ಸಿಎ ಅಂದೆನಲ್ಲ, ನಿಮ್ಮತ್ತೆ ಇದನ್ನು ಓದಲಿ. ಫೌಂಡೇಷನ್‌ನಲ್ಲಿ ನಾಲ್ಕು ಪತ್ರಿಕೆ. ಅದರಲ್ಲಿ ಒಂದು ಪೂರ್ತಿ ಗಣಿತ, ಸಂಖ್ಯಾಶಾಸ್ತ್ರ, ತರ್ಕದ್ದು. ಒಂದೊಂದರಲ್ಲೂ ನೂರಕ್ಕೆ ನಲವತ್ತು ಬರಬೇಕು, ಒಟ್ಟಿನಲ್ಲಿ ಐವತ್ತು ಪರ್ಸೆಂಟು. ಗಣಿತ ತಪ್ಪಿಸಿಕೊಳ್ಳಲು ಕಾಮರ್ಸಿಗೆ ಬಂದ ಮಕ್ಕಳಿಗೆ ಅಲ್ಲಿ ಗಣಿತವೇ ಬಾಗಿಲು ಕಾಯುತ್ತಾ ಕೂತಿರುತ್ತದೆ. ನನ್ನ ಕಡೆಯಿಂದ ಒಂದೇ ಒಂದು ಹಟ ಅಂತಿದ್ದರೆ ಅದು ಇದು: ಯಾವ ವಿಭಾಗಕ್ಕೆ ಹೋದರೂ ಲೆಕ್ಕದ ಸಹವಾಸ ಪೂರ್ತಿ ಬಿಡಬೇಡ. ಕಾಮರ್ಸಿಗೆ ಹೋದರೆ ಸಂಖ್ಯಾಶಾಸ್ತ್ರ ಇರುವ ಎಸ್‌ಇಬಿಎ ಅಥವಾ ಬೇಸಿಕ್ ಮ್ಯಾಥ್ಸ್ ಇರುವ ಸಂಯೋಜನೆ ಕೇಳು. ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ, ಹುಡುಕಬೇಕು. ಸಿಇಬಿಎ ಎಲ್ಲರೂ ತೊಗೊಳ್ಳುತ್ತಾರೆ, ಕಂಪ್ಯೂಟರ್ ಅನ್ನುವ ಹೆಸರು ಇದೆಯಲ್ಲ ಅಂತ. ಕಂಪ್ಯೂಟರು ಆಮೇಲೂ ಕಲಿಯಬಹುದು. ಸೂಚ್ಯಂಕ, ಸಂಭವನೀಯತೆ ಹದಿನಾರು ಹದಿನೇಳರಲ್ಲಿ ತಲೆಗೆ ಹತ್ತಿದ ಹಾಗೆ ಮೂವತ್ತರಲ್ಲಿ ಹತ್ತುವುದಿಲ್ಲ. ನಿನ್ನ ತಾತನಿಗೆ ತುಟ್ಟಿಭತ್ಯೆ ಏರುತ್ತಿದ್ದದ್ದು ಇದೇ ಬೆಲೆ ಸೂಚ್ಯಂಕದ ಲೆಕ್ಕದಿಂದ. ಆ ಸೂಚ್ಯಂಕ ಯಾರು ಹೇಗೆ ಕಟ್ಟುತ್ತಾರೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಏರಿತೋ ಇಲ್ಲವೋ ಅನ್ನುವುದು ಮಾತ್ರ ಗೊತ್ತಿತ್ತು.

ಎಚ್‌ಇಪಿಎಸ್ ಬಗ್ಗೆ ನಿಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟಿಲ್ಲ ಅಂತ ಕಾಣುತ್ತದೆ. ಸಮಾಜ ವಿಜ್ಞಾನದಲ್ಲಿ ನಿನಗೆ ಒಳ್ಳೆಯ ಅಂಕ ಬಂದಿರುವುದು ಎಲ್ಲರಿಗೂ ಗೊತ್ತು, ಆದರೂ. ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಓದುವುದನ್ನು ಸೋತವರ ಸಾಲು ಅಂತ ನೋಡುವುದನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನನ್ನದೇ ವಿಷಯ ಅಂತ ಪಕ್ಷಪಾತ ಇದ್ದರೂ ಇರಲಿ. ನಮ್ಮ ರಾಜ್ಯದಲ್ಲಿ ಯಾವ ತಾಲ್ಲೂಕು ಹಿಂದೆ ಉಳಿದಿದೆ, ಎಲ್ಲಿಗೆ ಶಾಲೆ, ರಸ್ತೆ, ನೀರಾವರಿ ಮೊದಲು ಹೋಗಬೇಕು ಅನ್ನುವ ವಾದ ಬಂದಾಗ ಇವತ್ತಿಗೂ ಎಲ್ಲರೂ ತೆರೆಯುವುದು 2002ರ ನಂಜುಂಡಪ್ಪ ಸಮಿತಿಯ ವರದಿಯನ್ನು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಅಂತ ಅಳತೆಗೋಲು ಇಟ್ಟು ತೋರಿಸಿದ ಡಿ.ಎಂ. ನಂಜುಂಡಪ್ಪ ಅರ್ಥಶಾಸ್ತ್ರದ ಮೇಷ್ಟರು. ಆದರೆ ಕಲಾ ವಿಭಾಗ ಅಂದರೆ ಸುಲಭ ಅಂತ ಬರಬೇಡ. ಗೈಡು ಉರುಹೊಡೆದು ಪಾಸಾಗುವುದು ಸುಲಭ, ಓದುವುದು ಸುಲಭವಲ್ಲ. ಆರ್ಟ್ಸ್ ಓದಿ ಮುಂದೆ ಬಂದವರನ್ನು ವಿಚಾರಿಸು, ಪಠ್ಯಕ್ಕಿಂತ ಹೊರಗೆ ಓದಿದವರೇ ಸಿಗುತ್ತಾರೆ. ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಪಿಯು ಸೈನ್ಸಿನಿಂದ ಬಿಎಗೆ, ಬಿಕಾಂಗೆ ಬರುವ ದಾರಿ ಇದೆ. ಆರ್ಟ್ಸಿನಿಂದ ಬಿಎಸ್‌ಸಿಗೆ, ಎಂಜಿನಿಯರಿಂಗಿಗೆ ಹೋಗುವ ದಾರಿ ಇಲ್ಲ. ಆ ಕಾರಣಕ್ಕೇ ಎಲ್ಲರೂ ಸೈನ್ಸಿಗೆ ತಳ್ಳುತ್ತಾರೆ. ಸೈನ್ಸಿನಲ್ಲಿ ಎರಡು ವರ್ಷ ನರಳಿ, ಎರಡು ವಿಷಯ ಉಳಿಸಿಕೊಂಡು ಮನೆಯಲ್ಲಿ ಕೂತ ಹುಡುಗಿಗೆ ಆ ತೆರೆದ ದಾರಿಯಿಂದ ಏನು ಉಪಕಾರವಾಯಿತು ಅಂತ ಯಾರೂ ಲೆಕ್ಕ ಇಡುವುದಿಲ್ಲ.

ಪಿಯು ಒಂದೇ ದಾರಿ ಅಂತಲೂ ಅಂದುಕೋಬೇಡ. ನಿಮ್ಮಪ್ಪ ಎಲೆಕ್ಟ್ರಿಷಿಯನ್ ಟ್ರೇಡು ಮಾಡಿದವನು, ಅವನ ಕೈಯ ವಿದ್ಯೆ ನಿಮ್ಮ ಮನೆ ನಡೆಸಿದೆ. ಎಸ್ಸೆಸ್ಸೆಲ್ಸಿ ಆದ ಕೂಡಲೇ ಮೂರು ವರ್ಷದ ಡಿಪ್ಲೊಮಾ ಮಾಡಬಹುದು. ಅದು ಮುಗಿಸಿ ಡಿಸಿಇಟಿ ಬರೆದರೆ ನೇರವಾಗಿ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಹೋಗುತ್ತೀಯ. ಕೈಯಲ್ಲಿ ಸ್ಕ್ರೂಡ್ರೈವರು ಇದ್ದರೆ ಹೊತ್ತು ಹೋದದ್ದೇ ತಿಳಿಯದವರಿಗೆ ನಾನು ಪಿಯುಗಿಂತ ಇದನ್ನೇ ಹೇಳುವುದು. ಕೆ.ಆರ್. ವೃತ್ತದ ಕಡೆಯ ಎಸ್.ಜೆ. ಪಾಲಿಟೆಕ್ನಿಕ್‌ಗೆ ಸಿಂಗಯ್ಯನಪಾಳ್ಯದಲ್ಲಿ ಮೆಟ್ರೊ ಹತ್ತಿದರೆ ಬದಲಾಯಿಸುವ ಗೋಜಿಲ್ಲದೆ ಹೋಗಬಹುದು. 2023ಕ್ಕೆ ಮೊದಲು ಈ ಮಾತು ಹೇಳುವ ಹಾಗಿರಲಿಲ್ಲ, ಟಿನ್ ಫ್ಯಾಕ್ಟರಿ ದಾಟುವುದರಲ್ಲೇ ಮೊದಲ ಪಿರಿಯಡ್ಡು ಮುಗಿದುಹೋಗುತ್ತಿತ್ತು. ರಾಜಾಜಿನಗರದ ಜಿಟಿಟಿಸಿಯಲ್ಲಿ ಟೂಲ್ ಆಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ, ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಶುರುವಾದ ಸಂಸ್ಥೆ. ಅಚ್ಚು, ಡೈ ಮಾಡುವ ನಿಖರವಾದ ಕೆಲಸ. ಹುಡುಗಿಯರಿಗಲ್ಲ ಅಂತ ಯಾರಾದರೂ ಅಂದರೆ, ಐಟಿಐನಲ್ಲಿ ಟೆಲಿಫೋನ್ ಜೋಡಿಸುವ ಸಾಲುಗಳಲ್ಲಿ ಕೂತು ಕೆಲಸ ಮಾಡಿದ ಹೆಂಗಸರನ್ನು ನಿನ್ನ ಅಜ್ಜಿಯ ಹತ್ತಿರ ಕೇಳು.

ಕೋಚಿಂಗ್ ವಿಷಯಕ್ಕೆ ಬಂದರೆ, ಕಾಲೇಜೂ ಕೋಚಿಂಗೂ ಒಂದೇ ಸೂರಿನಡಿ ಅಂತ ಜಾಹೀರಾತು ನೋಡಿ ನಿಮ್ಮಪ್ಪ ಸಾಲ ಮಾಡಲು ಹೊರಟಿದ್ದಾನೆ ಅಂತ ಕೇಳಿದೆ. ಸ್ವಲ್ಪ ತಡೆ. ಎಂಜಿನಿಯರಿಂಗ್ ಸಿಇಟಿ ರ‍್ಯಾಂಕಿನಲ್ಲಿ ಅರ್ಧ ತೂಕ ಪಿಯು ಪರೀಕ್ಷೆಯ ಅಂಕಕ್ಕೆ, ಅರ್ಧ ಸಿಇಟಿಗೆ. ಬೋರ್ಡ್ ಪರೀಕ್ಷೆಯನ್ನು ಬದಿಗಿಟ್ಟು ಗುರುತು ಹಾಕುವ ಪ್ರಶ್ನೆಗಳನ್ನೇ ಅರೆಯುವ ಮಕ್ಕಳು ಅರ್ಧವನ್ನು ಅಲ್ಲೇ ಕಳೆದುಕೊಳ್ಳುತ್ತಾರೆ. ಮನೆ ಹತ್ತಿರದ ಸರ್ಕಾರಿ ಕಾಲೇಜೋ ಅನುದಾನಿತ ಕಾಲೇಜೋ, ಅಲ್ಲಿ ಲ್ಯಾಬು ನಡೆಯುತ್ತದೆಯೇ, ಭೌತಶಾಸ್ತ್ರಕ್ಕೂ ಗಣಿತಕ್ಕೂ ಕಾಯಂ ಉಪನ್ಯಾಸಕರಿದ್ದಾರೆಯೇ, ಹೋದ ವರ್ಷದ ಮಕ್ಕಳು ಏನು ಹೇಳುತ್ತಾರೆ, ಇದಿಷ್ಟು ವಿಚಾರಿಸು. ಉಪನ್ಯಾಸಕರೇ ಇಲ್ಲದ ಕಾಲೇಜಿನಲ್ಲಿ ನಿನಗೆ ಇಷ್ಟವಾದ ವಿಷಯವೂ ಕಹಿಯಾಗುತ್ತದೆ. ಉಳಿದ ದುಡ್ಡು ಪದವಿಯ ಹೊತ್ತಿಗೆ ಬೇಕಾಗುತ್ತದೆ ಅಂತ ನಿಮ್ಮಪ್ಪನಿಗೆ ಹೇಳು. ನಾನು ಹೇಳಿದೆ ಅಂತಲೇ ಹೇಳು, ಚಿಕ್ಕಪ್ಪ ಬೈದರೆ ಅವನು ಎದುರಾಡುವುದಿಲ್ಲ.

ನೀನು ಕನ್ನಡ ಮಾಧ್ಯಮದವಳು, ಸೈನ್ಸಿನಲ್ಲಿ ಇದ್ದಕ್ಕಿದ್ದ ಹಾಗೆ ಎಲ್ಲ ಇಂಗ್ಲಿಷಾಗುತ್ತದೆ ಅನ್ನುವ ದಿಗಿಲು ನಿನಗಿದೆ. ಬಾಯಿಬಿಟ್ಟು ಹೇಳದಿದ್ದರೂ ಗೊತ್ತಾಗುತ್ತದೆ. ಆಮ್ಲ ಗೊತ್ತಿದೆ, ಬಲ ಗೊತ್ತಿದೆ, ಕೋಶ ಗೊತ್ತಿದೆ, ಅವುಗಳ ಇಂಗ್ಲಿಷ್ ಹೆಸರು ಅಭ್ಯಾಸವಾಗಿಲ್ಲ. ಕಾಲೇಜು ಶುರುವಾಗುವ ಮೊದಲು ನಿನ್ನ ಹತ್ತನೆಯ ವಿಜ್ಞಾನದ ಪುಸ್ತಕವನ್ನೂ ಅದೇ ತರಗತಿಯ ಇಂಗ್ಲಿಷ್ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟುಕೊಂಡು ಅಧ್ಯಾಯ ಅಧ್ಯಾಯವಾಗಿ ಓದು. ಗೊತ್ತಿರುವ ಪಾಠವನ್ನೇ ಇನ್ನೊಂದು ಭಾಷೆಯಲ್ಲಿ ಓದಿದರೆ ಭಯ ಬೇಗ ಬಿಡುತ್ತದೆ. ಮೊದಲ ಮೂರು ತಿಂಗಳು ಇಂಗ್ಲಿಷ್ ಮಾಧ್ಯಮದವರು ಮುಂದಿರುತ್ತಾರೆ. ಮುಂದಿರಲಿ ಬಿಡು. ಲೆಕ್ಕ ಮಾಡುವಾಗ ಯಾರ ತಲೆಯೂ ಇಂಗ್ಲಿಷಿನಲ್ಲಿ ಓಡುವುದಿಲ್ಲ. ಮತ್ತೆ, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇಕಡ 5 ಮೀಸಲು ಇದೆ, ಅದು ನಿನ್ನ ಹಕ್ಕು. ಗ್ರಾಮೀಣ ಮೀಸಲಾತಿಯ ಆಸೆ ಮಾತ್ರ ಬಿಡು, ಮಹದೇವಪುರ ಹಳ್ಳಿಯಾಗಿದ್ದ ಕಾಲ ನೀನು ಹುಟ್ಟುವ ಮೊದಲೇ ಮುಗಿಯಿತು.

ಕೇಳಿದೆಯಲ್ಲ, ನನ್ನ ಮನಸ್ಸಿನಲ್ಲಿ ಏನಿದೆ ಅಂತ. ಭೌತಶಾಸ್ತ್ರದ ಪುಸ್ತಕದ ಎರಡು ಸಂಜೆ ಚೆನ್ನಾಗಿ ಹೋದರೆ ಪಿಸಿಎಂಸಿಯೋ ಪಿಸಿಎಂಬಿಯೋ, ಯಾವ ಕಾಲೇಜಿನಲ್ಲಿ ಪಾಠ ಚೆನ್ನಾಗಿದೆಯೋ ಅದು. ನಿಮ್ಮಪ್ಪನೂ ಖುಷಿಪಡುತ್ತಾನೆ. ಆ ಸಂಜೆಗಳು ಎಳೆದಂತೆ ಅನ್ನಿಸಿ, ಅಂಗಡಿಯ ಲೆಕ್ಕ ಹಿಡಿಸಿದರೆ ಸಂಖ್ಯಾಶಾಸ್ತ್ರದ ಜೊತೆ ಕಾಮರ್ಸು. ನೀನು ಸಮಾಜದ ಪುಸ್ತಕ ಓದುವುದನ್ನು ನೋಡಿದ್ದೇನೆ, ಎರಡೂ ಬೇಡ ಎಚ್‌ಇಪಿಎಸ್ ಅಂದರೆ ನಾನೇ ಬಂದು ನಿಮ್ಮಪ್ಪನ ಹತ್ತಿರ ಮಾತಾಡುತ್ತೇನೆ. ಸೇರಿದ ಮೇಲೆ ಸರಿಹೋಗಲಿಲ್ಲ ಅನ್ನಿಸಿದರೆ ಮೊದಲ ವಾರಗಳಲ್ಲೇ ಪ್ರಿನ್ಸಿಪಾಲರ ಹತ್ತಿರ ಹೋಗು, ಸಂಯೋಜನೆ ಬದಲಾಯಿಸಲು ಒಂದು ಗಡುವು ಇರುತ್ತದೆ. ನಾಚಿಕೆಪಟ್ಟು ಡಿಸೆಂಬರಿನವರೆಗೆ ಕಾಯುವವರೇ ಹೆಚ್ಚು.

ಈ ವಾರ ಮಾಡಬೇಕಾದ ಕೆಲಸ ಇನ್ನೊಂದಿದೆ, ಅದನ್ನು ಮರೆಯಬೇಡ. ಶಾಲೆಯಿಂದ ವರ್ಗಾವಣೆ ಪತ್ರ, ಅಂಕಪಟ್ಟಿ ತರುವಾಗಲೇ ವ್ಯಾಸಂಗ ಪ್ರಮಾಣಪತ್ರ, ಕನ್ನಡ ಮಾಧ್ಯಮದ ಪ್ರಮಾಣಪತ್ರ ಕೇಳಿಕೋ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದಲ್ಲಿ ನಿನ್ನ ಹೆಸರಿನ ಇನಿಷಿಯಲ್ಲು ಅಂಕಪಟ್ಟಿಯಲ್ಲಿ ಇರುವ ಹಾಗೇ ಇದೆಯಾ ನೋಡು. ಒಂದು ಚುಕ್ಕೆ ಆಚೀಚೆ ಆದರೂ ಎರಡು ವರ್ಷದ ನಂತರ ಸಿಇಟಿ ನಡೆಸುವ ಮಲ್ಲೇಶ್ವರದ ಕೆಇಎ ಕಚೇರಿ ಮುಂದೆ ಬಿಸಿಲಲ್ಲಿ ನಿಲ್ಲಬೇಕಾಗುತ್ತದೆ. ಎಲ್ಲದಕ್ಕೂ ಎರಡೆರಡು ಜೆರಾಕ್ಸ್ ಮಾಡಿಸಿಟ್ಟುಕೋ. ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ, ಪುಸ್ತಕಗಳನ್ನು ತೊಗೊಂಡು ಬಾ.

ನಿನ್ನ ಚಿಕ್ಕತಾತ